ನಿಮ್ಮ ಆಫರ್ ಕಾನೂನಿನ ಮುಂದೆ ನಿಲ್ಲಬೇಕಾದರೆ ಹೇಗೆ ಬರೆಯಬೇಕು? ಹಂತ ಹಂತದ ಮಾರ್ಗದರ್ಶಿ

ಒಂದೇ ಪ್ರಶ್ನೆ ಬೇರೆ ಬೇರೆ ಊರಿನಿಂದ ಬರುತ್ತಲೇ ಇದೆ. "ವಾಟ್ಸ್‌ಆ್ಯಪ್‌ನಲ್ಲಿ ರೇಟು ಕಳಿಸಿದ್ದೆ. ಅವರು ಓಕೆ ಅಂದಿದ್ದರು. ಈಗ ಮಾಲು ಎತ್ತುತ್ತಿಲ್ಲ. ಏನು ಮಾಡಲಿ?" ತಿಕೋಟಾದ ಮಣೂಕ (ಒಣದ್ರಾಕ್ಷಿ) ಇರಲಿ, ಮಹಾಲಿಂಗಪುರದ ಬೆಲ್ಲ ಇರಲಿ, ಬನಹಟ್ಟಿಯ ಸೀರೆ ಇರಲಿ, ಬೆಳಗಾವಿ ಉದ್ಯಮಬಾಗದ ಕಾಸ್ಟಿಂಗ್ (ಎರಕದ ಬಿಡಿಭಾಗ) ಇರಲಿ, ಮೆಸೇಜ್ ತೆರೆದು ನೋಡಿದರೆ ಕೊರತೆ ಒಂದೇ. ಎದುರಿನವರು ಓಕೆ ಅಂದದ್ದು ನಿಜ. ಆದರೆ ಯಾವುದಕ್ಕೆ ಓಕೆ ಅಂದರು ಅನ್ನುವುದು ಎಲ್ಲೂ ಇಲ್ಲ.

ಆಫರ್ ಕಳಿಸುವ ಮುಂಚೆ ನಿಮಗೆ ನೀವೇ ಒಂದು ಪ್ರಶ್ನೆ ಹಾಕಿಕೊಳ್ಳಿ. ಇದನ್ನು ಓದಿ ಎದುರಿನವರು "ಆತ್ರಿ" ಅಂತ ಒಂದೇ ಮಾತು ಹೇಳಿದರೆ, ಮುಂದೆ ಕೇಳುವುದಕ್ಕೆ ಏನಾದರೂ ಉಳಿಯುತ್ತದಾ? ಏನೂ ಉಳಿಯದಿದ್ದರೆ ಆಫರ್ ಗಟ್ಟಿ. ಎಷ್ಟು ಮಾಲು, ಯಾವಾಗ, ಯಾರ ಖರ್ಚು ಅಂತ ಕೇಳಬೇಕಾಗಿ ಬಂದರೆ ಅದು ಇನ್ನೂ ಮಾತುಕತೆ ಅಷ್ಟೇ. ಕೆಳಗಿನ ಎಲ್ಲ ಹಂತಗಳೂ ಈ ಪ್ರಶ್ನೆಯಿಂದಲೇ ಹುಟ್ಟಿದವು. ಕ್ರಮ ಬದಲಿಸಬೇಡಿ. ಮೊದಲೇ ರೇಟು ಬರೆದು ಆಮೇಲೆ ಉಳಿದದ್ದು ಸೇರಿಸಲು ಹೋಗುವುದರಿಂದಲೇ ಜಾಸ್ತಿ ಜನ ಎಡವುತ್ತಾರೆ.

ಬರೆಯಲು ಕೂರುವ ಮುಂಚೆ ಕೈಯಲ್ಲಿ ಇರಬೇಕಾದದ್ದು

ಎದುರಿನವರ ಪೂರ್ಣ ಹೆಸರು ಮತ್ತು ವಿಳಾಸ, ಅಂಗಡಿ ಅಥವಾ ಕಂಪನಿ ಆಗಿದ್ದರೆ ಜಿಎಸ್‌ಟಿ ನಂಬರ್. ಮಾಲಿನ ಸ್ಯಾಂಪಲ್. ತೂಕ ಎಲ್ಲಿ ಆಗುತ್ತದೆ ಅನ್ನುವ ತೀರ್ಮಾನ. ಒಂದು ಕ್ಯಾಲೆಂಡರ್. ಫೋನ್‌ನಲ್ಲಿ ಮೆಸೇಜ್ ತಾನಾಗಿ ಅಳಿಸಿ ಹೋಗುವ ಸೆಟ್ಟಿಂಗ್ ಇದ್ದರೆ ಈಗಲೇ ಬಂದ್ ಮಾಡಿ.

ಸ್ಟ್ಯಾಂಪ್ ಪೇಪರ್ ಬೇಕಾಗಿಲ್ಲ. "ಬಾಂಡ್ ಪೇಪರ್ ಮೇಲೆ ಇಲ್ಲದಿದ್ದರೆ ಕರಾರೇ ಅಲ್ಲ" ಅನ್ನುವ ಮಾತು ನಮ್ಮ ಕಡೆ ಗಟ್ಟಿಯಾಗಿ ಕೂತಿದೆ. ಮಾಲು ಮಾರುವ ಕರಾರು ಬಾಯಿಮಾತಲ್ಲೂ ಆಗಬಹುದು, ಫೋನ್ ಮೆಸೇಜ್‌ನಲ್ಲೂ ಆಗಬಹುದು. ಎಲೆಕ್ಟ್ರಾನಿಕ್ ರೂಪದಲ್ಲಿದೆ ಅನ್ನುವ ಒಂದೇ ಕಾರಣಕ್ಕೆ ಕರಾರು ಬಿದ್ದು ಹೋಗುವುದಿಲ್ಲ ಅಂತ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 10ಎ ಕಲಂ ಹೇಳುತ್ತದೆ. ಇಬ್ಬರೂ ಸಹಿ ಹಾಕುವ ಕರಾರು ಪತ್ರ ಮಾಡಿಕೊಂಡರೆ ಮಾತ್ರ ಕರ್ನಾಟಕ ಸ್ಟ್ಯಾಂಪ್ ಕಾಯ್ದೆ 1957ರ ಪ್ರಕಾರ ಶುಲ್ಕ ಕಟ್ಟಬೇಕಾಗಬಹುದು. ಕಟ್ಟಬೇಕಾದದ್ದನ್ನು ಕಟ್ಟದಿದ್ದರೆ, ಶುಲ್ಕ ಮತ್ತು ದಂಡ ತುಂಬುವವರೆಗೆ ಕೋರ್ಟ್ ಅದನ್ನು ಸಾಕ್ಷಿಯಾಗಿ ತೆಗೆದುಕೊಳ್ಳುವುದಿಲ್ಲ.

ಹಂತ 1: ಇದು ಆಫರ್ರೋ, ಬರೀ ವಿಚಾರಣೆಯೋ ತೀರ್ಮಾನಿಸಿ

ಭಾರತೀಯ ಕರಾರು ಕಾಯ್ದೆ 1872ರ (ಮುಂದೆ ಕಾಯ್ದೆಯ ಹೆಸರಿಲ್ಲದೆ ಬರೀ ಕಲಂ ಅಂದರೆ ಇದೇ ಕಾಯ್ದೆಯದು) 2(ಎ) ಕಲಂ ಪ್ರಕಾರ ಆಫರ್‌ಗೆ ಎರಡು ಅಂಶ ಬೇಕು. ಒಂದು, ನಾನು ಇಂಥದ್ದನ್ನು ಮಾಡಲು ಅಥವಾ ಮಾಡದಿರಲು ಸಿದ್ಧ ಅಂತ ತಿಳಿಸಬೇಕು. ಎರಡು, ಎದುರಿನವರ ಒಪ್ಪಿಗೆ ಪಡೆಯುವ ಉದ್ದೇಶದಿಂದಲೇ ತಿಳಿಸಬೇಕು. ಎಡವುವುದು ಹೆಚ್ಚಾಗಿ ಎರಡನೆಯದರಲ್ಲಿ.

"ಸಾವಕಾರ್ರ, ಮಣೂಕ ಹ್ಯಾಂಗ್ರಿ?" ಅಂತ ಕೇಳಿದರು. "ನೂರಾ ಎಂಬತ್ತರ ಕೆಳಗ ಇಲ್ರಿ" ಅಂತ ನೀವು ಹೇಳಿದಿರಿ. ಅವರು "ಆತ್ರಿ" ಅಂದರು. ಕರಾರು ಆಯಿತಾ? ಇಷ್ಟರಿಂದಲೇ ಆಗುವುದಿಲ್ಲ. ಕೇಳಿದವರಿಗೆ ನೀವು ರೇಟು ತಿಳಿಸಿದಿರಿ, ಮಾರುತ್ತೇನೆ ಅಂತ ಹೇಳಲಿಲ್ಲ. ಅವರ "ಆತ್ರಿ"ಯೇ ಇಲ್ಲಿ ಮೊದಲ ಆಫರ್. ಅದನ್ನು ಒಪ್ಪುವುದೂ ಬಿಡುವುದೂ ನಿಮ್ಮ ಕೈಯಲ್ಲಿದೆ.

1893ರ ಹಾರ್ವೆ ವಿರುದ್ಧ ಫೇಸಿ ಪ್ರಕರಣ ಇದೇ. ಜಮೈಕಾದ ಒಂದು ಆಸ್ತಿಯ ಬಗ್ಗೆ "ಮಾರುತ್ತೀರಾ? ಕಡಿಮೆ ಅಂದರೆ ಎಷ್ಟು?" ಅಂತ ತಂತಿ ಹೋಯಿತು. "ಕಡಿಮೆ ಅಂದರೆ 900 ಪೌಂಡ್" ಅಂತ ಉತ್ತರ ಬಂತು. ಕೊಳ್ಳುವವರು ಒಪ್ಪಿದೆವು ಅಂದರು. ಪ್ರಿವಿ ಕೌನ್ಸಿಲ್ (ಆಗ ಬ್ರಿಟಿಷ್ ವಸಾಹತುಗಳ ಕೊನೆಯ ಮೇಲ್ಮನವಿ ಕೋರ್ಟ್) ಮಾತ್ರ ಕರಾರೇ ಆಗಿಲ್ಲ ಅಂದಿತು. ಜಮೈಕಾ ದೂರ ಅನಿಸಿದರೆ ನಮ್ಮ ಕೊಡಗಿನದೇ ಇದೆ. 1951ರ ಮ್ಯಾಕ್‌ಫರ್ಸನ್ ವಿರುದ್ಧ ಅಪ್ಪಣ್ಣ ಪ್ರಕರಣದಲ್ಲಿ ಮಡಿಕೇರಿಯ ಒಂದು ಬಂಗಲೆಯ ಮಾಲೀಕರು "ಹತ್ತು ಸಾವಿರ ರೂಪಾಯಿಗಿಂತ ಕಡಿಮೆಗೆ ಒಪ್ಪುವುದಿಲ್ಲ" ಅಂತ ತಿಳಿಸಿದ್ದರು. ಅದಕ್ಕೆ ಎದುರಿನವರು ಹತ್ತು ಸಾವಿರ ಒಪ್ಪಿದರೂ ಸುಪ್ರೀಂ ಕೋರ್ಟ್ ಅದನ್ನು ಕರಾರು ಅನ್ನಲಿಲ್ಲ. ಮಾಲೀಕರ ಆ ಮಾತು ಆಫರ್ ಅಲ್ಲ, ಆಫರ್ ಕೊಡಿ ಅನ್ನುವ ಕರೆ ಮಾತ್ರ ಅಂದಿತು.

ಇಳಕಲ್ಲಿನ ಅಂಗಡಿಯ ಗಾಜಿನಲ್ಲಿ ಸೀರೆಗೆ ಅಂಟಿಸಿದ ಬೆಲೆ, ಹರಾಜಿನ ನೋಟಿಸ್, ಟೆಂಡರ್ ಜಾಹೀರಾತು, ಗ್ರೂಪ್‌ಗೆ ಹಾಕಿದ ರೇಟ್ ಲಿಸ್ಟ್, ಇವೂ ಸಾಮಾನ್ಯವಾಗಿ ಕರೆ ಮಾತ್ರ. ಟೆಂಡರ್ ತುಂಬುವವರು ಮತ್ತು ಹರಾಜಿನಲ್ಲಿ ಕೂಗುವವರು ಆಫರ್ ಕೊಡುವವರು.

ಆದ್ದರಿಂದ ಮೊದಲ ಸಾಲಿನಲ್ಲೇ ಸ್ಪಷ್ಟ ಮಾಡಿ. ಕಟ್ಟುಬೀಳಲು ಸಿದ್ಧ ಇದ್ದರೆ ಹೀಗೆ ಬರೆಯಿರಿ: "ಇದು ನನ್ನ ಆಫರ್. ನೀವು ಒಪ್ಪಿದರೆ ನಾನು ಇದಕ್ಕೆ ಬದ್ಧ." ಇನ್ನೂ ಸಿದ್ಧ ಇಲ್ಲದಿದ್ದರೆ: "ಇದು ಮಾತುಕತೆಗಾಗಿ ಕೊಟ್ಟ ಮಾಹಿತಿ, ಆಫರ್ ಅಲ್ಲ." ಮಧ್ಯದಲ್ಲಿ ನಿಲ್ಲಬೇಡಿ. "ನೋಡೋಣ", "ಹೆಚ್ಚು ಕಡಿಮೆ", "ಸುಮಾರು", "ಆಮೇಲೆ ಕೂತು ಮಾತಾಡೋಣ" ಅನ್ನುವ ಮಾತು ಮೆಸೇಜ್‌ನಲ್ಲಿ ಬಂದಿದೆ ಅಂದರೆ ನಿಮಗೇ ಇನ್ನೂ ತೀರ್ಮಾನ ಆಗಿಲ್ಲ ಅಂತ ಅರ್ಥ.

ಜಾಹೀರಾತು ಕೊಡುವವರು ಇನ್ನೊಂದು ಎಚ್ಚರ ವಹಿಸಬೇಕು. ಜಾಹೀರಾತು ಯಾವಾಗಲೂ ಕರೆ ಮಾತ್ರ ಅಂತ ನಂಬಿ ಕೂರಬೇಡಿ. 1891ರಲ್ಲಿ ಇಂಗ್ಲೆಂಡಿನ ಕಾರ್ಬೋಲಿಕ್ ಸ್ಮೋಕ್ ಬಾಲ್ ಕಂಪನಿ ತನ್ನ ಔಷಧ ಬಳಸಿಯೂ ಫ್ಲೂ ಬಂದವರಿಗೆ 100 ಪೌಂಡ್ ಕೊಡುವುದಾಗಿ, ಅದಕ್ಕೆಂದೇ 1,000 ಪೌಂಡ್ ಬ್ಯಾಂಕಿನಲ್ಲಿ ಇಟ್ಟಿರುವುದಾಗಿ ಜಾಹೀರಾತು ಹಾಕಿತ್ತು. ಕೋರ್ಟ್ ಅದನ್ನು ಎಲ್ಲ ಜನರಿಗೂ ಕೊಟ್ಟ ಆಫರ್ ಅಂತ ತೀರ್ಮಾನಿಸಿ ದುಡ್ಡು ಕೊಡಿಸಿತು. "ಬೇರೆ ಅಂಗಡಿಯಲ್ಲಿ ಕಡಿಮೆಗೆ ಸಿಕ್ಕರೆ ವ್ಯತ್ಯಾಸದ ಹಣ ವಾಪಸ್" ಅಂತ ಬೋರ್ಡ್ ಹಾಕುವ ಮುಂಚೆ ಇದು ನೆನಪಿರಲಿ.

ಹಂತ 2: ಯಾರು ಯಾರಿಗೆ ಕೊಡುತ್ತಿದ್ದೀರಿ ಬರೆಯಿರಿ

ಎದುರಿನವರಿಗೆ 18 ತುಂಬಿರಬೇಕು, ಬುದ್ಧಿ ಸ್ಥಿಮಿತದಲ್ಲಿರಬೇಕು. ಹದಿನೆಂಟು ತುಂಬದವರ ಜೊತೆಗಿನ ಕರಾರು ಆರಂಭದಿಂದಲೇ ಶೂನ್ಯ (ಕಾನೂನಿನ ಕಣ್ಣಲ್ಲಿ ಇಲ್ಲದಂತೆ) ಅಂತ 1903ರ ಮೊಹೋರಿ ಬೀಬಿ ಪ್ರಕರಣದಲ್ಲೇ ತೀರ್ಮಾನ ಆಗಿದೆ. ಆದರೆ ನಮ್ಮ ವ್ಯವಹಾರದಲ್ಲಿ ಇದಕ್ಕಿಂತ ಜಾಸ್ತಿ ಕಾಡುವುದು ಅಧಿಕಾರದ ಪ್ರಶ್ನೆ.

ನೀವು ದಲಾಲರ ಜೊತೆ ಮಾತಾಡಿದ್ದೀರಿ. ಅವರು ಯಾರ ಪರವಾಗಿ ಮಾತಾಡಿದರು? ಅಂಗಡಿಯ ಮುನೀಮರು ಓಕೆ ಅಂದರು. ಅವರಿಗೆ ಒಪ್ಪುವ ಅಧಿಕಾರ ಇತ್ತಾ? ಫೌಂಡ್ರಿಯ ಪರ್ಚೇಸ್ ವಿಭಾಗದ ಹುಡುಗ ಹ್ಞೂಂ ಅಂದ. ಪರ್ಚೇಸ್ ಆರ್ಡರ್‌ಗೆ ಸಹಿ ಹಾಕುವವರು ಯಾರು? ಆಫರ್‌ನಲ್ಲೇ ಬರೆದುಬಿಡಿ: "ಈ ಆಫರ್ ಇಂಥ ಅಂಗಡಿಯ ಮಾಲೀಕರಿಗೆ. ಒಪ್ಪಿಗೆಯನ್ನು ಅವರೇ ಅಥವಾ ಅವರು ಲಿಖಿತವಾಗಿ ನೇಮಿಸಿದವರೇ ತಿಳಿಸಬೇಕು." ಫೋನ್‌ನಲ್ಲಿ "ಅಣ್ಣಾರು" ಅಂತ ಸೇವ್ ಮಾಡಿಕೊಂಡ ನಂಬರಿಗೆ ಕಳಿಸಿದರೆ, ನಾಳೆ ಆ ನಂಬರ್ ಯಾರದು ಅಂತ ಸಾಬೀತು ಮಾಡುವುದೇ ಒಂದು ಕೆಲಸ ಆಗುತ್ತದೆ. ಮೆಸೇಜ್ ಒಳಗೆ ಪೂರ್ಣ ಹೆಸರು ಇರಲಿ.

ಹಂತ 3: ಏನು, ಎಷ್ಟು, ಎಂಥದ್ದು, ಎಷ್ಟಕ್ಕೆ

ಇಲ್ಲಿ ಸಮಯ ಕೊಡಿ. ಆಫರ್ ಜಾಸ್ತಿ ಮುರಿದು ಬೀಳುವುದು ಇಲ್ಲೇ.

ಕಾಯ್ದೆಯ 29ನೇ ಕಲಂ ಹೇಳುವುದು ಇಷ್ಟು: ಅರ್ಥ ನಿಶ್ಚಿತವಾಗಿಲ್ಲದ, ನಿಶ್ಚಿತ ಮಾಡಲೂ ಆಗದ ಒಪ್ಪಂದ ಶೂನ್ಯ. ಕಾಯ್ದೆಯೇ ಉದಾಹರಣೆ ಕೊಟ್ಟಿದೆ. "ನೂರು ಟನ್ ಎಣ್ಣೆ ಮಾರುತ್ತೇನೆ" ಅಂದರೆ ಯಾವ ಎಣ್ಣೆ ಅಂತ ಗೊತ್ತಾಗುವುದಿಲ್ಲ, ಹಾಗಾಗಿ ಶೂನ್ಯ. ಅದೇ ಮಾತನ್ನು ಬರೀ ಕೊಬ್ಬರಿ ಎಣ್ಣೆ ಮಾರುವ ವ್ಯಾಪಾರಿ ಹೇಳಿದರೆ ನಡೆಯುತ್ತದೆ, ಅವನ ವ್ಯಾಪಾರವೇ ಅರ್ಥ ಹೇಳುತ್ತದೆ. "ನನ್ನ ಬಿಳಿ ಕುದುರೆ ಐನೂರಕ್ಕೋ ಸಾವಿರಕ್ಕೋ" ಅಂದರೆ ಅದೂ ಶೂನ್ಯ. ಎರಡು ಬೆಲೆ ಹೇಳಿದರೆ ಬೆಲೆ ಹೇಳಿಲ್ಲ ಅಂತಲೇ ಲೆಕ್ಕ.

ತಿಕೋಟಾದ ಒಬ್ಬ ಬೆಳೆಗಾರ ಮಣೂಕ ಮಾರುವ ಉದಾಹರಣೆ ಹಿಡಿದು ನೋಡೋಣ. ಸಂಖ್ಯೆಗಳನ್ನು ಲೆಕ್ಕ ತೋರಿಸಲಿಕ್ಕೆ ಹಾಕಿದ್ದೇನೆ, ಇವತ್ತಿನ ಪೇಟೆ ದರ ಅಲ್ಲ. ಸಾಮಾನ್ಯವಾಗಿ ಹೋಗುವ ಮೆಸೇಜ್ ಹೀಗಿರುತ್ತದೆ: "ಹಸಿರು ಮಣೂಕ ಇದೆ, 180, ಮುನ್ನೂರು ಬಾಕ್ಸ್, ಬೇಕಾದರೆ ಹೇಳಿ." ಇದಕ್ಕೆ ಒಬ್ಬರು "ಆತ್ರಿ" ಅಂದರು ಅಂದುಕೊಳ್ಳಿ. ಬಾಕ್ಸ್ ಎಷ್ಟು ಕೆಜಿಯದು? ದರದಲ್ಲಿ ಬಾಕ್ಸಿನ ಖರ್ಚು ಸೇರಿದೆಯಾ? ಜಿಎಸ್‌ಟಿ ಒಳಗೋ ಹೊರಗೋ? ಕೋಲ್ಡ್ ಸ್ಟೋರೇಜ್‌ನಿಂದ ಎತ್ತುವುದು ಯಾರು, ಹಮಾಲಿ ಯಾರದು, ಅಲ್ಲಿಯ ಬಾಡಿಗೆ ಯಾವ ದಿನದವರೆಗೆ ಯಾರ ಲೆಕ್ಕ? ನಾಲ್ಕು ಪ್ರಶ್ನೆ ಹುಟ್ಟಿದವು. ಪ್ರತಿಯೊಂದಕ್ಕೂ ಒಂದೊಂದು ಸಾಲು ಬರೆದರೆ ಸಾಕು.

ಅಳತೆ. ಬಾಕ್ಸ್, ಚೀಲ, ಪೆಂಟಿ, ಗಾಡಿ ಅನ್ನುವುದು ಪೇಟೆಯ ಮಾತು. ಅದನ್ನು ಬರೆಯಿರಿ, ಪಕ್ಕದಲ್ಲೇ ಕೆಜಿಯೂ ಬರೆಯಿರಿ. "15 ಕೆಜಿಯ 300 ಬಾಕ್ಸ್, ಒಟ್ಟು 4,500 ಕೆಜಿ ನಿವ್ವಳ ತೂಕ." ಅಳತೆಯ ಗೊಂದಲ ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕೆ 1998ರ ತರ್ಸೇಮ್ ಸಿಂಗ್ ವಿರುದ್ಧ ಸುಖಮಿಂದರ್ ಸಿಂಗ್ ಪ್ರಕರಣ ನೋಡಿ. ಜಮೀನಿನ ಬೆಲೆ ಕನಾಲ್ ಲೆಕ್ಕದಲ್ಲೋ ಬೀಘಾ ಲೆಕ್ಕದಲ್ಲೋ ಅನ್ನುವುದರಲ್ಲೇ ಇಬ್ಬರಿಗೂ ಬೇರೆ ಬೇರೆ ತಿಳಿವಳಿಕೆ ಇತ್ತು. ಸುಪ್ರೀಂ ಕೋರ್ಟ್ ಆ ಒಪ್ಪಂದವೇ ಶೂನ್ಯ ಅಂದಿತು. ನಮ್ಮಲ್ಲಿ ಎಕರೆ ಮತ್ತು ಗುಂಟೆ, ಟನ್ ಮತ್ತು ಕ್ವಿಂಟಲ್ ನಡುವೆ ಹೀಗೆ ಆಗಬಾರದು ಅಂತೇನಿಲ್ಲ ಅಲ್ವಾ?

ತೂಕದ ಜಾಗ. ಯಾವ ವೇ ಬ್ರಿಡ್ಜ್, ಯಾವ ಹೊತ್ತಿನ ತೂಕ ಅಂತಿಮ ಅಂತ ಬರೆಯಿರಿ. ಕಬ್ಬು, ಉಳ್ಳಾಗಡ್ಡಿ, ಬೆಲ್ಲ ದಾರಿಯಲ್ಲಿ ಮತ್ತು ದಾಸ್ತಾನಿನಲ್ಲಿ ಒಣಗಿ ತೂಕ ಕಳೆದುಕೊಳ್ಳುತ್ತವೆ. ಲೋಡ್ ಮಾಡುವಾಗಿನ ತೂಕಕ್ಕೂ ಇಳಿಸುವಾಗಿನ ತೂಕಕ್ಕೂ ಇರುವ ವ್ಯತ್ಯಾಸವೇ ಅರ್ಧ ಜಗಳಕ್ಕೆ ಮೂಲ.

ಗುಣಮಟ್ಟ. "ಒಳ್ಳೆ ಮಾಲು", "ನಂಬರ್ ಒನ್ ಮಾಲು" ಅಂತ ಬರೆದರೆ ಏನೂ ಬರೆಯದಂತೆಯೇ. ನನ್ನ ಸಲಹೆ ಸ್ಯಾಂಪಲ್ ಮೇಲೆ ಮಾರುವುದು. ಒಂದೇ ರಾಶಿಯಿಂದ ಎರಡು ಪಾಕೀಟು ತೆಗೆಯಿರಿ, ಎರಡನ್ನೂ ಸೀಲ್ ಮಾಡಿ, ಇಬ್ಬರೂ ಸಹಿ ಹಾಕಿ, ಒಬ್ಬೊಬ್ಬರು ಒಂದೊಂದು ಇಟ್ಟುಕೊಳ್ಳಿ. ಸರಕು ಮಾರಾಟ ಕಾಯ್ದೆ 1930ರ 17ನೇ ಕಲಂ ಪ್ರಕಾರ ಸ್ಯಾಂಪಲ್ ಮೇಲೆ ಮಾರಿದರೆ ಪೂರ್ತಿ ಮಾಲು ಆ ಸ್ಯಾಂಪಲ್‌ಗೆ ಹೊಂದಬೇಕು. ಗುಳೇದಗುಡ್ಡದ ಖಣ ನೇಯುವವರು, ಬನಹಟ್ಟಿಯಲ್ಲಿ ಪವರ್‌ಲೂಮ್ ನಡೆಸುವವರು ಬಟ್ಟೆಯ ತುಂಡೊಂದನ್ನು ಆಫರ್‌ಗೆ ಪಿನ್ ಮಾಡಿದರೆ ಬಣ್ಣದ ಬಗ್ಗೆ ಹತ್ತು ಸಾಲು ಬರೆಯುವುದು ಉಳಿಯುತ್ತದೆ. ಫೋಟೊ ಮಾತ್ರ ಸಾಲದು. ಫೋನಿನಿಂದ ಫೋನಿಗೆ ಬಣ್ಣ ಬದಲಾಗುತ್ತದೆ.

ಬೆಲೆ. ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಿರಿ. ಒಟ್ಟು ಮೊತ್ತವನ್ನೂ ಹಾಕಿ: ಕೆಜಿಗೆ ₹180ರಂತೆ 4,500 ಕೆಜಿಗೆ ₹8,10,000. ಗುಣಾಕಾರದ ತಪ್ಪು ಇದ್ದರೆ ಈಗಲೇ ಸಿಗುತ್ತದೆ.

"ಮಾರ್ಕೆಟ್ ರೇಟ್ ಪ್ರಕಾರ" ಅಂತ ಬರೆಯಬಹುದಾ? ಬರೆಯಬಹುದು. ಬೆಲೆ ಗೊತ್ತು ಮಾಡುವ ರೀತಿಯನ್ನು ಹೇಳಿದರೂ ಸಾಕು ಅಂತ ಅದೇ 1930ರ ಕಾಯ್ದೆಯ 9ನೇ ಕಲಂ ಒಪ್ಪುತ್ತದೆ. ಆದರೆ ಯಾವ ಮಾರ್ಕೆಟ್, ಯಾವ ದಿನ, ಯಾವ ದರ? ವಿಜಯಪುರ ಎಪಿಎಂಸಿಯ ದರವೇ, ಸಾಂಗ್ಲಿಯದೇ? ಆ ದಿನದ ಗರಿಷ್ಠ ದರವೇ, ಕನಿಷ್ಠವೇ, ಸರಾಸರಿಯೇ? ಮೂರೂ ಬರೆಯಿರಿ. ಬೆಲೆಯ ಮಾತೇ ಇಲ್ಲದಿದ್ದರೆ ನ್ಯಾಯವಾದ ಬೆಲೆ ಕೊಡಬೇಕು ಅಂತ ಕಾನೂನು ಹೇಳುತ್ತದೆ. ಆ ನ್ಯಾಯವಾದ ಬೆಲೆ ಎಷ್ಟು ಅಂತ ಸಾಬೀತು ಮಾಡಲು ಕೋರ್ಟಿಗೆ ಅಲೆಯುವುದು ಮಾತ್ರ ನೀವೇ.

ಹಣ ಬರುವ ದಿನ. ಮುಂಗಡ ಎಷ್ಟು, ಬಾಕಿ ಯಾವಾಗ, ಯಾವ ಖಾತೆಗೆ. ಉದ್ಯಮಬಾಗದ ಸಣ್ಣ ಕಾರ್ಖಾನೆಗಳವರು ಒಂದು ವಿಷಯ ಗಮನಿಸಬೇಕು. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಮಾಲು ಪಡೆದವರು ಬರಹದಲ್ಲಿ ಎಷ್ಟೇ ಗಡುವು ಒಪ್ಪಿಕೊಂಡಿದ್ದರೂ 45 ದಿನ ಮೀರುವಂತಿಲ್ಲ. ಉದ್ಯಮ ನೋಂದಣಿ ಮಾಡಿಸಿ, ಆ ನಂಬರನ್ನು ಕೊಟೇಷನ್ ಮೇಲೆ ಹಾಕಿ.

ಹಂತ 4: ಕೊಡುವುದೂ ಪಡೆಯುವುದೂ ಎರಡೂ ಕಾಣಲಿ

ಪ್ರತಿಫಲ (ಬದಲಿಗೆ ಸಿಗುವುದು) ಇಲ್ಲದ ಮಾತಿಗೆ, ಕೆಲವು ವಿನಾಯಿತಿ ಬಿಟ್ಟರೆ, ಕಾನೂನಿನ ಬಲ ಇಲ್ಲ (25ನೇ ಕಲಂ). "ನಿಮ್ಮ ಮಗ್ಗ ರಿಪೇರಿ ಮಾಡಿಸಿ ಕೊಡುತ್ತೇನೆ" ಅಂತ ಒಬ್ಬರು ಸುಮ್ನೆ ಹೇಳಿದರೆ ಅದು ಸೌಜನ್ಯ. "ಮಗ್ಗ ರಿಪೇರಿ ಮಾಡಿಸಿ ಕೊಡುತ್ತೇನೆ, ಬದಲಿಗೆ ಮೂರು ತಿಂಗಳು ನನಗೇ ಸೀರೆ ನೇಯ್ದು ಕೊಡಬೇಕು" ಅಂದರೆ ಆಫರ್. ಉದ್ದೇಶ ಕಾನೂನಿಗೆ ವಿರುದ್ಧ ಇರಬಾರದು. ಇದಕ್ಕಿಂತ ಜಾಸ್ತಿ ಇಲ್ಲಿ ನಿಲ್ಲಬೇಕಾಗಿಲ್ಲ.

ಹಂತ 5: ಗಡುವು ಮತ್ತು ಒಪ್ಪುವ ದಾರಿ

ಗಡುವು ಇಲ್ಲದ ಆಫರ್ "ಸಮಂಜಸ ಸಮಯ"ದವರೆಗೆ ಇರುತ್ತದೆ ಅಂತ 6ನೇ ಕಲಂ. ಮಣೂಕಕ್ಕೆ ಸಮಂಜಸ ಸಮಯ ಎಷ್ಟು, ಇಂಡಿ ಊರಿನ ಲಿಂಬೆಗೆ ಎಷ್ಟು, ಟೊಮೆಟೊಗೆ ಎಷ್ಟು? ಇದನ್ನು ಜಡ್ಜ್ ತೀರ್ಮಾನಿಸುವ ಹಾಗೆ ಬಿಡಬೇಡಿ. ದಿನಾಂಕ ಮತ್ತು ಗಂಟೆ ಎರಡನ್ನೂ ಹಾಕಿ. "ಎರಡು ದಿನದಲ್ಲಿ" ಅಂದರೆ ಯಾವಾಗಿನಿಂದ ಎಣಿಸಬೇಕು ಅನ್ನುವುದೇ ಜಗಳ ಆಗುತ್ತದೆ.

ಒಪ್ಪಿಗೆ ಹೇಗೆ ಬರಬೇಕು ಅಂತಲೂ ಬರೆಯಿರಿ: ಈ ನಂಬರಿಗೆ ಮೆಸೇಜ್, ಜೊತೆಗೆ ಮುಂಗಡ ಜಮಾ. ಇಲ್ಲಿ ಒಂದು ಸೂಕ್ಷ್ಮ ಇದೆ. ನೀವು ಹೇಳಿದ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಒಪ್ಪಿಗೆ ಬಂದರೆ, ಸಮಂಜಸ ಸಮಯದೊಳಗೆ "ನಾನು ಹೇಳಿದ ರೀತಿಯಲ್ಲೇ ಕಳಿಸಿ" ಅಂತ ನೀವು ಪಟ್ಟು ಹಿಡಿಯಬೇಕು. ಸುಮ್ಮನೆ ಕೂತರೆ ಆ ಒಪ್ಪಿಗೆಯನ್ನು ನೀವು ಒಪ್ಪಿಕೊಂಡಂತೆ. 7ನೇ ಕಲಂ ಇದನ್ನು ಸ್ಪಷ್ಟವಾಗಿ ಹೇಳುತ್ತದೆ.

ಬರೆಯಲೇಬಾರದ ಸಾಲು ಒಂದಿದೆ. "ಭಾನುವಾರದೊಳಗೆ ಉತ್ತರ ಬರದಿದ್ದರೆ ನೀವು ಒಪ್ಪಿದ್ದೀರಿ ಅಂತ ತಿಳಿಯುತ್ತೇನೆ." ಬಹಳ ಜನ ಇದನ್ನು ಜಾಣತನ ಅಂದುಕೊಂಡಿದ್ದಾರೆ. ಎದುರಿನವರ ಮೌನವನ್ನು ನೀವಾಗಿ ಒಪ್ಪಿಗೆ ಮಾಡಲು ಆಗುವುದಿಲ್ಲ. 1862ರ ಫೆಲ್ಟ್‌ಹೌಸ್ ವಿರುದ್ಧ ಬಿಂಡ್ಲಿ ಪ್ರಕರಣದಲ್ಲಿ ತನ್ನ ಸಹೋದರನ ಮಗನ ಕುದುರೆ ಕೊಳ್ಳಲು ಒಬ್ಬ ಹೀಗೆಯೇ ಬರೆದಿದ್ದ. ಕರಾರು ಆಗಿಲ್ಲ ಅಂತ ತೀರ್ಪು ಬಂತು.

ಹಂತ 6: ತಲುಪಿಸಿ, ತಲುಪಿದ್ದಕ್ಕೆ ಗುರುತು ಇಟ್ಟುಕೊಳ್ಳಿ

ಆಫರ್ ಎದುರಿನವರ ಅರಿವಿಗೆ ಬಂದಾಗ ಮಾತ್ರ ಅದು ತಲುಪಿದಂತೆ (4ನೇ ಕಲಂ). 1913ರ ಲಾಲ್ಮನ್ ಶುಕ್ಲಾ ಪ್ರಕರಣ ಇದಕ್ಕೆ ಸಾಕ್ಷಿ. ಮನೆ ಬಿಟ್ಟು ಹೋದ ಹುಡುಗನನ್ನು ಹುಡುಕಲು ಒಡೆಯ ತನ್ನ ಮುನೀಮನನ್ನು ಕಳಿಸಿದ್ದ. ಅವನು ಹೊರಟ ಮೇಲೆ, ಹುಡುಗನನ್ನು ಹುಡುಕಿಕೊಟ್ಟವರಿಗೆ ₹501 ಬಹುಮಾನ ಅಂತ ಕರಪತ್ರ ಹಂಚಿದ. ಮುನೀಮ ಹುಡುಗನನ್ನು ಕರೆತಂದ. ಆದರೆ ಹುಡುಕುವಾಗ ಅವನಿಗೆ ಬಹುಮಾನದ ವಿಷಯ ಗೊತ್ತೇ ಇರಲಿಲ್ಲ. ಗೊತ್ತಿಲ್ಲದ ಆಫರನ್ನು ಒಪ್ಪುವುದು ಹೇಗೆ? ದಾವೆ ಬಿದ್ದುಹೋಯಿತು.

ಇದರಿಂದ ನಿಮಗೆ ಎರಡು ಕೆಲಸ. ಮೊದಲನೆಯದು, ಎಲ್ಲ ಷರತ್ತೂ ಆಫರ್ ಜೊತೆಗೇ ಹೋಗಬೇಕು. ಆಮೇಲೆ ಬಿಲ್ಲಿನ ಹಿಂದೆ ಸಣ್ಣಕ್ಷರದಲ್ಲಿ "ಮಾಲು ವಾಪಸ್ ಇಲ್ಲ" ಅಂತ ಅಚ್ಚಾಗಿ ಬಂದರೆ, ಕರಾರು ಆದ ಮೇಲೆ ಬಂದ ಆ ಷರತ್ತಿಗೆ ಎದುರಿನವರು ಬದ್ಧರಲ್ಲ. ಎರಡನೆಯದು, ಓದುವವರಿಗೆ ತಿಳಿಯುವ ಭಾಷೆಯಲ್ಲಿ ಬರೆಯಿರಿ. ಅಥಣಿ, ನಿಪ್ಪಾಣಿ ಕಡೆ ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಮರಾಠಿಯಲ್ಲಿ ವ್ಯವಹಾರ ಮಾಡುವುದು ದಿನದ ಮಾತು. ಎರಡೂ ಭಾಷೆಯಲ್ಲಿ ಕಳಿಸುವುದಾದರೆ ವ್ಯತ್ಯಾಸ ಬಂದಾಗ ಯಾವುದು ಅಂತಿಮ ಅಂತ ಒಂದು ಸಾಲು ಸೇರಿಸಿ.

ನೀಲಿ ಟಿಕ್ ಬಂತು ಅಂತ ನಿಶ್ಚಿಂತೆಯಿಂದ ಇರಬೇಡಿ. ಫೋನ್ ಯಾರ ಕೈಯಲ್ಲಿತ್ತು ಅಂತ ಟಿಕ್ ಹೇಳುವುದಿಲ್ಲ. "ತಲುಪಿದೆ, ಓದಿದ್ದೇನೆ" ಅಂತ ಒಂದು ಉತ್ತರ ಕೇಳಿ ಪಡೆಯಿರಿ. ಸ್ಕ್ರೀನ್‌ಶಾಟ್ ತೆಗೆದು ಮೂಲ ಮೆಸೇಜ್ ಅಳಿಸಬೇಡಿ, ಫೋನ್ ಬದಲಿಸಿದರೂ ಹಳೆಯದನ್ನು ಇಟ್ಟುಕೊಳ್ಳಿ. ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ.

ಫೋನ್‌ನಲ್ಲೇ ಮಾತಾಡಿ ಮುಗಿಸುವವರಿಗೆ ಒಂದು ಉಪಯೋಗದ ವಿಷಯ. ಹತ್ತಿಕಾಳಿನ ಹಿಂಡಿಯ ವ್ಯಾಪಾರದಿಂದ ಹುಟ್ಟಿದ ಭಗವಾನ್‌ದಾಸ್ ಕೇಡಿಯಾ ಪ್ರಕರಣದಲ್ಲಿ 1965ರಲ್ಲಿ ಸುಪ್ರೀಂ ಕೋರ್ಟ್, ಫೋನ್‌ನಲ್ಲಿ ಒಪ್ಪಿಗೆ ಎಲ್ಲಿ ಕೇಳಿಸುತ್ತದೋ ಅಲ್ಲೇ ಕರಾರು ಹುಟ್ಟುತ್ತದೆ ಅಂದಿತು. ನೀವು ತಿಕೋಟಾದಲ್ಲಿ ಕೂತು ಸಾಂಗ್ಲಿಯವರಿಗೆ ಆಫರ್ ಕೊಟ್ಟಿರಿ, ಅವರು ಅಲ್ಲಿಂದ ಒಪ್ಪಿದ್ದು ನಿಮಗೆ ಇಲ್ಲಿ ಕೇಳಿಸಿತು ಅಂದರೆ ಕರಾರು ಆದದ್ದು ವಿಜಯಪುರ ಜಿಲ್ಲೆಯಲ್ಲಿ. ದಾವೆಯನ್ನೂ ಇಲ್ಲೇ ಹೂಡಬಹುದು. ಅಂಚೆಯಲ್ಲಿ ಹಾಗಲ್ಲ, ಒಪ್ಪಿಗೆಯ ಪತ್ರ ಪೋಸ್ಟ್ ಆದ ಊರು ಲೆಕ್ಕಕ್ಕೆ ಬರುತ್ತದೆ. ಫೋನ್ ಇಟ್ಟ ಐದು ನಿಮಿಷದೊಳಗೆ "ಈಗ ಮಾತಾಡಿದ್ದು ಹೀಗೆ" ಅಂತ ಪೂರ್ತಿ ಮೆಸೇಜ್ ಹಾಕುವ ಅಭ್ಯಾಸ ಮಾಡಿಕೊಳ್ಳಿ.

ಹಂತ 7: ಪೂರ್ತಿ ಆಫರ್ ಹೀಗಿರಲಿ

"ಇವರಿಗೆ: (ಪೂರ್ಣ ಹೆಸರು, ಅಂಗಡಿಯ ಹೆಸರು, ವಿಳಾಸ, ಜಿಎಸ್‌ಟಿ ನಂಬರ್). ಇದು ನನ್ನ ಆಫರ್. ನೀವು ಒಪ್ಪಿದರೆ ನಾನು ಬದ್ಧ. ಮಾಲು: ಹಸಿರು ಮಣೂಕ, ಇಬ್ಬರೂ ಸಹಿ ಹಾಕಿ ಸೀಲ್ ಮಾಡಿದ ಸ್ಯಾಂಪಲ್ ಪ್ರಕಾರ. ಪ್ರಮಾಣ: 15 ಕೆಜಿಯ 300 ಬಾಕ್ಸ್, ನಿವ್ವಳ 4,500 ಕೆಜಿ. ದರ: ಕೆಜಿಗೆ ₹180 (ನೂರಾ ಎಂಬತ್ತು), ಬಾಕ್ಸ್ ಖರ್ಚು ಸೇರಿ, ಜಿಎಸ್‌ಟಿ ಪ್ರತ್ಯೇಕ. ಜಿಎಸ್‌ಟಿ ಬಿಟ್ಟು ಒಟ್ಟು ₹8,10,000. ಮಾಲು ಕೊಡುವ ಜಾಗ: (ಕೋಲ್ಡ್ ಸ್ಟೋರೇಜ್ ಹೆಸರು, ಊರು). ಅಲ್ಲಿಯ ತೂಕವೇ ಅಂತಿಮ. ಲೋಡಿಂಗ್ ಹಮಾಲಿ ನನ್ನದು, ಸಾಗಣೆ ನಿಮ್ಮದು. ಮಾಲು ಎತ್ತಲು ಕೊನೆಯ ದಿನ: (ದಿನಾಂಕ). ಆಮೇಲಿನ ಸ್ಟೋರೇಜ್ ಬಾಡಿಗೆ ನಿಮ್ಮದು. ಮುಂಗಡ ₹2,00,000 ಒಪ್ಪಿಗೆಯ ಜೊತೆ, ಬಾಕಿ ₹6,10,000 ಮತ್ತು ಜಿಎಸ್‌ಟಿ ಲೋಡಿಂಗ್‌ಗೆ ಮುಂಚೆ, ಈ ಖಾತೆಗೆ. ಈ ಆಫರ್ (ದಿನಾಂಕ) ಸಂಜೆ 5 ಗಂಟೆವರೆಗೆ ಮಾತ್ರ. ಒಪ್ಪಿಗೆಯನ್ನು ಇದೇ ನಂಬರಿಗೆ ಬರಹದಲ್ಲಿ ಕಳಿಸಬೇಕು. ವ್ಯಾಜ್ಯ ಬಂದರೆ ವಿಜಯಪುರದ ಕೋರ್ಟ್."

ಉದ್ದ ಆಯಿತು ಅನಿಸಬಹುದು. ಒಮ್ಮೆ ಬರೆದು ಫೋನ್‌ನಲ್ಲಿ ಇಟ್ಟುಕೊಂಡರೆ ಮುಂದಿನ ಸಲ ಅಂಕಿ ಬದಲಿಸಿದರೆ ಆಯಿತು. ಕೊನೆಯ ಸಾಲಿನ ಬಗ್ಗೆ ಒಂದು ಮಾತು: ಆ ವ್ಯವಹಾರಕ್ಕೆ ಸಂಬಂಧವೇ ಇಲ್ಲದ ಊರಿನ ಕೋರ್ಟನ್ನು ಬರೆದು ಪ್ರಯೋಜನ ಇಲ್ಲ. ಈಗಾಗಲೇ ಅಧಿಕಾರ ಇರುವ ಕೋರ್ಟ್‌ಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು ಅಷ್ಟೇ.

ಹಂತ 8: ಉತ್ತರ ಬಂದಾಗ ಏನು ಮಾಡಬೇಕು

"ಆತ್ರಿ, ಆದರ ನೂರಾ ಎಪ್ಪತ್ತೈದು ಮಾಡ್ರಿ" ಅಂತ ಬಂದರೆ ಅದು ಒಪ್ಪಿಗೆ ಅಲ್ಲ, ಹೊಸ ಆಫರ್. ನಿಮ್ಮ ₹180ರ ಆಫರ್ ಆ ಕ್ಷಣಕ್ಕೆ ಮುಗಿಯಿತು. ನಾಳೆ ಅವರು "ಹೋಗಲಿ, ನೂರಾ ಎಂಬತ್ತಕ್ಕೇ ಕೊಡಿ" ಅಂದರೆ ಕೊಡಲೇಬೇಕು ಅಂತಿಲ್ಲ. 1840ರ ಹೈಡ್ ವಿರುದ್ಧ ರೆಂಚ್ ಪ್ರಕರಣದಲ್ಲಿ 1,000 ಪೌಂಡಿನ ಆಫರ್‌ಗೆ 950 ಅಂತ ಚೌಕಾಸಿ ಮಾಡಿ, ಆಮೇಲೆ 1,000ಕ್ಕೇ ಒಪ್ಪಿದವರಿಗೆ ಆಸ್ತಿ ದಕ್ಕಲಿಲ್ಲ. ಕೊಳ್ಳುವ ಕಡೆ ನೀವಿದ್ದರೆ ಇದೇ ನಿಯಮ ನಿಮಗೆ ತಿರುಗುತ್ತದೆ. ಚೌಕಾಸಿ ಮಾಡುವ ಮುಂಚೆ "ನಿಮ್ಮ ಆಫರ್ ಹಾಗೇ ಇರಲಿ, ರೇಟಿನಲ್ಲಿ ಏನಾದರೂ ಕಡಿಮೆ ಆಗುತ್ತದಾ?" ಅಂತ ಬರೀ ವಿಚಾರಿಸಿ. ವಿಚಾರಣೆಯಿಂದ ಆಫರ್ ಸಾಯುವುದಿಲ್ಲ.

ಉದ್ಯಮಬಾಗದವರಿಗೆ ಇದು ಬೇರೆ ವೇಷದಲ್ಲಿ ಬರುತ್ತದೆ. ನೀವು ಕೊಟೇಷನ್ ಕಳಿಸಿದಿರಿ, ಅದರಲ್ಲಿ 30 ದಿನಕ್ಕೆ ಹಣ ಅಂತ ಇದೆ. ಕಂಪನಿಯಿಂದ ಪರ್ಚೇಸ್ ಆರ್ಡರ್ ಬಂತು, ಅದರ ಹಿಂದೆ ತಡವಾದರೆ ವಾರಕ್ಕೆ ಇಷ್ಟು ಕಡಿತ ಅಂತ ಅಚ್ಚಾಗಿದೆ. ಅದು ಹೊಸ ಆಫರ್. ಓದದೆ ಕಾಸ್ಟಿಂಗ್ ಕಳಿಸಿದಿರಿ ಅಂದರೆ ಕೆಲಸದ ಮೂಲಕವೇ ಅದನ್ನು ಒಪ್ಪಿದಂತೆ ಆಗಬಹುದು, 8ನೇ ಕಲಂ ಅದಕ್ಕೆ ದಾರಿ ಕೊಡುತ್ತದೆ. ಹಿಂಬದಿ ಓದಿ, ಒಪ್ಪದ ಷರತ್ತನ್ನು ಬರಹದಲ್ಲಿ ತಿಳಿಸಿ, ಉತ್ತರ ಬಂದ ಮೇಲೆ ಲೋಡ್ ಮಾಡಿ. ವರ್ಷಕ್ಕೆಲ್ಲ ಒಂದೇ ದರ ಕೊಡುವವರು ಪಿಗ್ ಐರನ್ ಮತ್ತು ಸ್ಕ್ರ್ಯಾಪ್ ಬೆಲೆ ಏರಿದರೆ ದರ ಹೇಗೆ ಬದಲಾಗುತ್ತದೆ ಅಂತಲೂ ಬರೆಯಬೇಕು. ಅಂಥ ಆಫರ್‌ನಲ್ಲಿ ಸಾಮಾನ್ಯವಾಗಿ ಬಂದ ಒಂದೊಂದು ಆರ್ಡರ್ ಒಂದೊಂದು ಒಪ್ಪಿಗೆ. ಬಂದ ಆರ್ಡರ್ ಪೂರೈಸಲೇಬೇಕು, ಮುಂದಿನದನ್ನು ನಿಲ್ಲಿಸಬಹುದು.

ಹಂತ 9: ಹಿಂದಕ್ಕೆ ತೆಗೆದುಕೊಳ್ಳಬೇಕಾದರೆ

ಒಪ್ಪಿಗೆ ನಿಮ್ಮನ್ನು ಕಟ್ಟುವ ಮುಂಚೆ ಯಾವಾಗ ಬೇಕಾದರೂ ಆಫರ್ ವಾಪಸ್ ಪಡೆಯಬಹುದು (5ನೇ ಕಲಂ). "ಶನಿವಾರದವರೆಗೆ ಇದೆ" ಅಂತ ಹೇಳಿದ್ದರೂ, ಕಾಯ್ದಿಡಲು ನೀವು ಹಣ ಪಡೆದಿಲ್ಲದಿದ್ದರೆ ಗುರುವಾರವೇ ವಾಪಸ್ ಪಡೆಯಲು ಕಾನೂನು ಬಿಡುತ್ತದೆ. ಆದರೆ ವಾಪಸ್ ಪಡೆದ ಸುದ್ದಿ ಎದುರಿನವರಿಗೆ ತಲುಪಬೇಕು. ನಿಮ್ಮ ಮನಸ್ಸಿನಲ್ಲಿ ಬದಲಾದರೆ ಸಾಲದು.

ಅಂಚೆಯ ಮೂಲಕ ನಡೆಯುವ ವ್ಯವಹಾರದಲ್ಲಿ ಸಮಯ ಬಿಗಿ. ಸೋಮವಾರ ನಿಮ್ಮ ಆಫರ್ ಬಾಗಲಕೋಟೆಗೆ ತಲುಪಿತು. ಬುಧವಾರ ಬೆಳಿಗ್ಗೆ ಅವರು ಒಪ್ಪಿಗೆಯನ್ನು ಸ್ಪೀಡ್ ಪೋಸ್ಟ್ ಮಾಡಿದರು. ಅದೇ ಕ್ಷಣಕ್ಕೆ ನೀವು ಕಟ್ಟುಬಿದ್ದಿರಿ, ಪತ್ರ ನಿಮ್ಮ ಕೈ ಸೇರುವುದು ಶುಕ್ರವಾರ ಆದರೂ. ಅವರಿಗೆ ಮಾತ್ರ ಪತ್ರ ನಿಮಗೆ ಮುಟ್ಟುವವರೆಗೆ ಒಪ್ಪಿಗೆ ವಾಪಸ್ ಪಡೆಯಲು ಅವಕಾಶ ಇದೆ. ವಾಪಸ್ ಪಡೆಯಬೇಕು ಅನಿಸಿದ ಕೂಡಲೇ ಮೊದಲು ಫೋನ್ ಮಾಡಿ, ತಕ್ಷಣ ಮೆಸೇಜ್ ಹಾಕಿ, ಆಮೇಲೆ ಪತ್ರ ಕಳಿಸಿ.

ಇಲ್ಲಿಗೆ ನಿಲ್ಲಿಸಿ ವಕೀಲರನ್ನು ಕಾಣಬೇಕಾದ ಸಂದರ್ಭಗಳು

ಜಮೀನು, ಮನೆ, ಪ್ಲಾಟು ಅಂದ ಕೂಡಲೇ ಈ ಮಾರ್ಗದರ್ಶಿ ಬದಿಗಿಡಿ. ಆಸ್ತಿ ವರ್ಗಾವಣೆ ಕಾಯ್ದೆ 1882ರ 54ನೇ ಕಲಂ ಪ್ರಕಾರ ₹100 ಅಥವಾ ಅದಕ್ಕಿಂತ ಜಾಸ್ತಿ ಬೆಲೆಯ ಸ್ಥಿರಾಸ್ತಿ ಖರೀದಿ ನೋಂದಾಯಿತ ಪತ್ರದಿಂದಲೇ ಆಗಬೇಕು. ಸಂಚಕಾರ (ಮುಂಗಡ) ಕೊಟ್ಟ ಮಾತ್ರಕ್ಕೆ ಜಮೀನು ನಿಮ್ಮದಾಗುವುದಿಲ್ಲ. ಉತಾರದಲ್ಲಿ (ಪಹಣಿಯಲ್ಲಿ) ಒಬ್ಬರ ಹೆಸರಿದ್ದು ಅಣ್ಣತಮ್ಮಂದಿರ ಪಾಲು ಆಗಿಲ್ಲದಿದ್ದರೆ, ಅಕ್ಕತಂಗಿಯರ ಹಕ್ಕು ಇನ್ನೂ ಇತ್ಯರ್ಥ ಆಗಿಲ್ಲದಿದ್ದರೆ, ಆಫರ್ ಕೊಡುವವರಿಗೆ ಪೂರ್ತಿ ಮಾರುವ ಹಕ್ಕೇ ಇಲ್ಲದಿರಬಹುದು.

ಆಫರ್ ಕೊಟ್ಟವರು ತೀರಿಕೊಂಡ ಸುದ್ದಿ ಒಪ್ಪುವ ಮುಂಚೆಯೇ ತಿಳಿದರೆ ಆಫರ್ ಅಲ್ಲಿಗೇ ಮುಗಿಯುತ್ತದೆ. ವಾರಸುದಾರರ ಜೊತೆ ಹೊಸದಾಗಿ ಶುರು ಮಾಡಬೇಕು. ಎದುರಿನವರು ಹೆಸರು ಹೇಳಲು, ವಿಳಾಸ ಕೊಡಲು, ಬರಹದಲ್ಲಿ ಉತ್ತರಿಸಲು ಹಿಂದೇಟು ಹಾಕುತ್ತಿದ್ದರೆ, "ಮಾಲು ಕಳಿಸ್ರಿ, ಕಾಗದ ಆಮ್ಯಾಲೆ ನೋಡೂಣು" ಅಂತ ಅವಸರ ಮಾಡುತ್ತಿದ್ದರೆ, ಮುಂಗಡ ಖಾತೆಗೆ ಬರುವವರೆಗೆ ಲಾರಿಗೆ ಒಂದು ಬಾಕ್ಸೂ ಏರಿಸಬೇಡಿ.